ಗಾಳಿ ಎಂದದ್ದೇ ತಪ್ಪಾಯಿತು

ಕನ್ನಡದಲ್ಲಿ ಗಾಳಿ ಅನ್ನುವ ಮಾತಿಗೆ ಎರಡು ಅರ್ಥ ಇಟ್ಟವರು ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಒಂದು ಮಾತು ಕೇಳುತ್ತಿದ್ದೆ. ಉಸಿರಾಡುವುದೂ ಗಾಳಿಯಂತೆ, ಹೆಂಗಸರ ಮೈಮೇಲೆ ಬಂದು ಕೂರುವುದೂ ಗಾಳಿಯಂತೆ. ಇಷ್ಟು ದೊಡ್ಡ ಭಾಷೆಯಲ್ಲಿ ದೆವ್ವಕ್ಕೆ ಇರುವ ಹೆಸರುಗಳು ಸಾಲದೆ ಹೋದವೇ? ನಾನು ಬೇಡಿದ್ದು ಮೊದಲನೆಯ ಗಾಳಿ. ಜನರ ಕಿವಿಗೆ ಬಿದ್ದದ್ದು ಎರಡನೆಯದು. ಅವೆರಡರ ನಡುವೆ ನನ್ನ ಮಗಳು ನನ್ನ ಕೈತಪ್ಪಿದಳು.

ಅರವತ್ತರ ದಶಕದ ನಡುವಿನ ಮಾತು. ನನ್ನ ತವರು ಕೆ.ಆರ್. ನಗರದ ಹತ್ತಿರ, ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಊರು. ನನ್ನನ್ನು ಕೊಟ್ಟದ್ದು ಪಿರಿಯಾಪಟ್ಟಣ ತಾಲ್ಲೂಕಿಗೆ, ಬೆಟ್ಟದಪುರದ ಪಕ್ಕದ ಹಳ್ಳಿಗೆ, ಹೊಗೆಸೊಪ್ಪು ಬೆಳೆಯುವವರ ಮನೆಗೆ. ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ನನ್ನ ಗಂಡ, ನಾನು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತುತ್ತಿಲ್ಲ ಅನ್ನುವುದನ್ನು ಮಾತ್ರ ಎಲ್ಲರೂ ಅವಳಿಗೆ ಗೊತ್ತಾಗುವ ಹಾಗೆ ಮಾಡುತ್ತಿದ್ದರು.

ನನಗೆ ಮೊದಲನೆಯದೇ ಹೆಣ್ಣು. ಬಾಣಂತನಕ್ಕೆ ತವರಿಗೆ ಹೋಗಿದ್ದವಳನ್ನು ಕರೆದುಕೊಂಡು ಬರಲು ಅತ್ತೆಯೇ ಬಂದರು. ಕೂಸಿಗೆ ಆಗ ತಾನೆ ಕತ್ತು ನಿಂತಿತ್ತು. ಅಂದು ಹುಣಸೂರಿನಲ್ಲಿ ಸಂತೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಜನರ ಸಂದಿಯಲ್ಲಿ ಮೂಟೆ, ಮೂಟೆಯ ಮೇಲೆ ಕಾಲು ಕಟ್ಟಿದ ಕೋಳಿ, ಬೀಡಿಯ ಹೊಗೆ, ಬೆವರು. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು ಮೂರು ಜನರ ಸೀಟಿನಲ್ಲಿ ಐದನೆಯವಳಾಗಿ ಕೂತಿದ್ದೆ. ಹೊಳೆಯ ಸೇತುವೆಯ ಮೇಲೆ ಎದುರಿಗೆ ಸೌದೆ ಗಾಡಿ ಬಂದು ಬಸ್ಸು ನಿಂತಿತು.

ಎದೆ ಒಂದು ಸಲ ತಪ್ಪಿ ಹೊಡೆದುಕೊಂಡಿತು. ಆಮೇಲೆ ನಿಲ್ಲಿಸಲಾರದ ಹಾಗೆ ಹೊಡೆದುಕೊಳ್ಳುತ್ತ ಹೋಯಿತು. ಕೈಬೆರಳುಗಳಿಗೆ ಜೋಮು ಹಿಡಿಯಿತು, ತುಟಿಯ ಸುತ್ತಲೂ ಇರುವೆ ಹರಿದ ಹಾಗೆ ಚುಮುಚುಮು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ಪಕ್ಕದಲ್ಲಿ ಕೂತವರ ಮಾತು ಬಾವಿಯ ಒಳಗಿನಿಂದ ಕೇಳಿಸುತ್ತಿತ್ತು. ಉಸಿರು ಎಳೆದುಕೊಂಡರೆ ಗಂಟಲವರೆಗೆ ಬಂದು ಅಲ್ಲಿಂದಲೇ ತಿರುಗಿ ಹೋಗುತ್ತಿತ್ತು. ನನ್ನ ಕೈ ನನ್ನದಲ್ಲ, ಮಡಿಲ ಕೂಸು ಯಾರದೋ, ಬಸ್ಸು ನಿಜವೋ ಸುಳ್ಳೋ ತಿಳಿಯದು. ಸಾಯುತ್ತೇನೇನೋ ಎಂಬ ಅನುಮಾನವಲ್ಲ ಅದು. ಸಾಯುತ್ತಿದ್ದೇನೆ ಎಂದು ಖಂಡಿತವಾಗಿ ಗೊತ್ತಾಯಿತು. ಇಲ್ಲೇ, ಈ ಕೋಳಿಗಳ ಮಧ್ಯೆ.

"ಗಾಳಿ..." ಅಂದೆ. ಯಾರೂ ತಿರುಗಲಿಲ್ಲ. ಎದ್ದು ನಿಂತು ಕಿರುಚಿದೆ. "ಗಾಳಿ! ಗಾಳಿ!"

ಇಡೀ ಬಸ್ಸು ತಿರುಗಿತು.

"ಗಾಳಿಯಂತೆ ಕಣ್ರಪ್ಪೋ! ಬಾಣಂತಿ ಕಣ್ರೀ, ಅಸಿ ಮೈ! ಸೇತುವೆ ತಾವು ಕಾಯ್ಕೊಂಡಿದ್ದದ್ದು ಮೆಟ್ಕೊಬುಡ್ತು!" ಎಂದು ಒಬ್ಬ ಮುದುಕಿ ಕೂಗಿದಳು.

"ಮುಚ್ರಲಾ, ಕಿಟಕಿ ಮುಚ್ರಿ! ಇನ್ನೂ ಎಷ್ಟವೋ ಎಂಗ್ ಗೊತ್ತು!" ಎಂದು ಹಿಂದಿನಿಂದ ಇನ್ಯಾರೋ.

ಆಗಿನ ಬಸ್ಸಿಗೆ ಗಾಜು ಎಲ್ಲಿಯದು, ಕಿಟಕಿಗೆ ಟಾರ್ಪಾಲಿನ ಪರದೆ. ನೋಡುತ್ತಿದ್ದ ಹಾಗೆ ಎರಡೂ ಕಡೆಯ ಪರದೆಗಳನ್ನು ಸರಸರ ಇಳಿಬಿಟ್ಟರು. ಗಾಳಿ ಬೇಕೆಂದು ಬೇಡಿದವಳಿಗೆ ಇದ್ದಬದ್ದ ಗಾಳಿಯನ್ನೂ ನಿಲ್ಲಿಸಿದರು. ಕಂಡಕ್ಟರು ತನ್ನ ಚೀಲದಿಂದ ಕಬ್ಬಿಣದ ಕೀಲಿಕೈ ತೆಗೆದು ನನ್ನ ಮುಷ್ಟಿಗೆ ತುರುಕಿದ. ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಅತ್ತೆ ಇದ್ಯಾವುದನ್ನೂ ಮಾಡಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ, ನನ್ನ ಮಡಿಲಿನಿಂದ ಕೂಸನ್ನು ಎತ್ತಿಕೊಂಡದ್ದು. ಮಾರನೆಯ ದಿನ, ಆಮೇಲೆ ಬಹಳ ದಿನ, ಕೂಸು ನನ್ನ ಮಡಿಲಿಗೆ ವಾಪಸ್ಸು ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಅದು ತಾನೇ ಇಳಿಯಿತು. ಅದರ ಗುಣವೇ ಹಾಗೆ, ಬಂದ ಹಾಗೇ ಹೋಗುತ್ತದೆ. ಹೋಗುವಾಗ ಮೈಯಲ್ಲಿರುವ ಸತ್ವವನ್ನೆಲ್ಲ ಹಿಂಡಿಕೊಂಡು ಹೋಗುತ್ತದೆ. ಆದರೆ ಊರು ತಲುಪುವ ಮೊದಲೇ ನನಗೆ ಗಾಳಿ ಸೋಕಿದ ಸುದ್ದಿ ಊರು ತಲುಪಿತ್ತು.

"ಗಾಳಿ ಇರೋರ ಹಾಲು ಕೂಸ್ಗೆ ಕೂಡದು" ಎಂದು ಅತ್ತೆ ಅಂದೇ ತೀರ್ಪು ಕೊಟ್ಟರು. ಕೂಸನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಹಸುವಿನ ಹಾಲನ್ನು ಒಳಲೆಯಲ್ಲಿ ಹಾಕಿ ತೊಟ್ಟುತೊಟ್ಟಾಗಿ ಕುಡಿಸಿದಳು. ಕೂಸು ಮೊದಲು ಉಗಿಯಿತು, ಅತ್ತಿತು, ಆಮೇಲೆ ಹಸಿವಿಗೆ ಸೋತು ಕುಡಿಯಿತು. ಗೋಡೆಯ ಈಚೆ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಹಾಲು ಬತ್ತಲಿ ಎಂದು ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಮದುವೆಯ ದಿನ ಮುಡಿದದ್ದು ಬಿಟ್ಟರೆ ಆ ಮನೆಯಲ್ಲಿ ನನಗೆ ಅಷ್ಟು ಮಲ್ಲಿಗೆ ಸಿಕ್ಕಿದ್ದು ಅದೊಂದೇ ಸಲ. ಈಗಲೂ ನನ್ನ ಮುಂದೆ ಯಾರಾದರೂ ಮಲ್ಲಿಗೆ ಮುಡಿದು ಬಂದರೆ ನನಗೆ ಸಿಟ್ಟು ಬರುತ್ತದೆ. ಪಾಪ, ಅವರ ತಪ್ಪೇನಿಲ್ಲ.

ನನ್ನ ಗಂಡ ಒಳ್ಳೆಯವರು. ಒಳ್ಳೆಯವರು ಅಂದರೆ ಯಾರ ಮಾತಿಗೂ ಎದುರಾಡಿದವರಲ್ಲ. ನನ್ನ ಪರವಾಗಿಯೂ ಎದುರಾಡಲಿಲ್ಲ. "ಅವ್ವ ಏನೋ ಯೋಳ್ತದೆ, ಒಸಿ ದಿನ ತಡ್ಕೊ" ಅಂದರು. ಆ ಒಸಿ ದಿನದಲ್ಲಿ ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಹಲ್ಲು ಮೂಡಿಸಿಕೊಂಡಿತು.

ನಾನು ಕೇಳಲಿಲ್ಲ ಎಂದು ಯಾರೂ ತಿಳಿಯಬಾರದು. ದಿನವೂ ಕೇಳಿದೆ. ಅತ್ತು ಕೇಳಿದೆ, ಕಾಲು ಹಿಡಿದು ಕೇಳಿದೆ, ಜಗಳ ಮಾಡಿ ಕೇಳಿದೆ. "ಕೂಸ ಕೊಡಿ ಅತ್ತೆಮ್ಮ, ಒಂದು ಗಳಿಗೆ ಎತ್ಕೊಂಡು ಕೊಟ್ಬುಡ್ತೀನಿ" ಎಂದರೆ ಅತ್ತೆ ನನ್ನ ಮುಖವನ್ನೇ ನೋಡದೆ ಹೇಳುತ್ತಿದ್ದರು, "ಗಾಳಿಗೆ ಕೂಸಿನ ಮ್ಯಾಲೇ ಕಣ್ಣು ಕಣವ್ವ. ಕೇಳ್ತಾ ಇರೋದು ನೀನಲ್ಲ, ಅದು." ಇದಕ್ಕೆ ಎದುರು ಮಾತು ಎಲ್ಲಿದೆ? ನಾನು ಅತ್ತರೆ ಗಾಳಿ ಅಳುತ್ತಿದೆ. ಸುಮ್ಮನಿದ್ದರೆ ಗಾಳಿ ಹೊಂಚು ಹಾಕುತ್ತಿದೆ. ಮುದ್ದೆ ಚೆನ್ನಾಗಿ ತಿಂದರೆ ತಿನ್ನುತ್ತಿರುವುದು ಗಾಳಿ. ಮನೆಯ ಕೆಲಸ ಮಾಡುವಾಗ ಮಾತ್ರ ಅದು ನಾನೇ.

ಒಂದು ಸಲ ಬಂದದ್ದು ಮತ್ತೆ ಮತ್ತೆ ಬಂತು. ನೀರು ಸೇದುವಾಗ, ಮುದ್ದೆ ಕಟ್ಟುವಾಗ, ಏನೂ ಇಲ್ಲದೆ ಸುಮ್ಮನೆ ಹೊಸ್ತಿಲ ಮೇಲೆ ಕೂತಾಗಲೂ ಬಂತು. ಕಾರಣ ಹುಡುಕಿ ಹುಡುಕಿ ಸೋತೆ. ಕಾರಣ ಇದ್ದಿದ್ದರೆ ಅದರ ದಾರಿಗೆ ಹೋಗದೆ ಇರಬಹುದಿತ್ತು. ಬಂದಾಗಿನ ಸಂಕಟ ಒಂದು ಪಾಲಾದರೆ ಬರುತ್ತದೇನೋ ಎಂಬ ಹೆದರಿಕೆ ಮೂರು ಪಾಲು. ಬಸ್ಸು ಹತ್ತುವುದನ್ನು ಬಿಟ್ಟೆ. ಜನ ಸೇರುವ ಕಡೆ ಹೋಗುವುದನ್ನು ಬಿಟ್ಟೆ. ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಬ್ಯಾರನ್ ಕೋಣೆಯ ಬಾಗಿಲು ಕಂಡರೆ ಆ ಕಡೆ ತಿರುಗುತ್ತಿರಲಿಲ್ಲ. ಹೀಗೆ ಬಿಡುತ್ತ ಬಿಡುತ್ತ ನನ್ನ ಪ್ರಪಂಚ ಅಡುಗೆಮನೆಯಷ್ಟಕ್ಕೆ ಬಂದು ನಿಂತಿತು.

ಗಂಡನಿಗೆ ಹೇಗೋ ಧೈರ್ಯ ಬಂದು ಒಂದು ದಿನ ಹುಣಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎತ್ತಿನ ಗಾಡಿಯಲ್ಲಿ ಹೋದೆವು, ನಾನು ಬಸ್ಸಿಗೆ ಒಪ್ಪಲಿಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ನಾಲಿಗೆ ನೋಡಿದರು. "ಏನೂ ಇಲ್ಲಮ್ಮ. ನರ ಸ್ವಲ್ಪ ವೀಕು. ಧೈರ್ಯ ತಂದುಕೋಬೇಕು" ಎಂದು ಒಂದು ಶಕ್ತಿಯ ಸೂಜಿ ಹಾಕಿ ಕಳಿಸಿದರು. ಧೈರ್ಯ ಶೆಟ್ಟರ ಅಂಗಡಿಯಲ್ಲಿ ಸಿಗುವಂತಿದ್ದರೆ ಬರುವಾಗಲೇ ತರುತ್ತಿದ್ದೆ. ಮನೆಗೆ ಬಂದು ಗಂಡ ಇದ್ದದ್ದು ಇದ್ದ ಹಾಗೆ ಹೇಳಿದರು. ಏನೂ ಇಲ್ಲವಂತೆ. ಅತ್ತೆ ಎಲೆ ಅಡಿಕೆ ಉಗಿದು ಬಂದು, "ಏನೂ ಇಲ್ದಿದ್ರೆ ನಾಟ್ಕವಾ?" ಎಂದು ಕೇಳಿದರು. ಅಂದಿನಿಂದ ನನ್ನ ಮುಂದೆ ಎರಡೇ ದಾರಿ. ಗಾಳಿ ಅಂದರೆ ಕೂಸಿಲ್ಲ. ಏನೂ ಇಲ್ಲ ಅಂದರೆ ನಾಟಕದವಳು, ಆಗಲೂ ಕೂಸಿಲ್ಲ. ಓದಿದ ಡಾಕ್ಟರೂ ಓದದ ಅತ್ತೆಯೂ ಆ ಒಂದು ವಿಷಯದಲ್ಲಿ ನನ್ನನ್ನು ಒಂದೇ ಕಡೆಗೆ ತಂದು ನಿಲ್ಲಿಸಿದರು.

ಅದನ್ನು ತಡೆಯುವ ಉಪಾಯ ನನಗೆ ಯಾರೂ ಹೇಳಿಕೊಡಲಿಲ್ಲ. ಒಂದು ಬೆಳಗ್ಗೆ ಒಲೆಯ ಮುಂದೆ ಕೂತಿದ್ದಾಗ ಬಂತು. ಅತ್ತೆ ಹಜಾರದಲ್ಲೇ ಇದ್ದರು. ಕಂಡಾಗಲೆಲ್ಲ ಗಾಳಿ ಓಡಿಸಲು ಮೂಗಿಗೆ ಮೆಣಸಿನಕಾಯಿ ಹೊಗೆ ಹಿಡಿಯುತ್ತಿದ್ದರು. ಮುಖ ಮುಚ್ಚಿಕೊಳ್ಳಲು ಬೇರೆ ದಾರಿಯಿಲ್ಲದೆ ಊದುಕೊಳವೆ ಬಾಯಿಗಿಟ್ಟು ಒಲೆ ಊದತೊಡಗಿದೆ. ಸೌದೆ ಹಸಿ, ಹೊತ್ತಲಿಲ್ಲ. ಮತ್ತೆ ಊದಿದೆ. ಉದ್ದಕ್ಕೆ, ನಿಧಾನಕ್ಕೆ, ಹೊಟ್ಟೆಯಲ್ಲಿದ್ದದ್ದೆಲ್ಲ ಕೊಳವೆಯಲ್ಲಿ ಹೋಗುವವರೆಗೆ. ಒಲೆ ಹೊತ್ತಿಕೊಳ್ಳುವ ಹೊತ್ತಿಗೆ ಎದೆಯ ಬಡಿತ ಇಳಿದಿತ್ತು. ಮೊದಲು ನಂಬಲಿಲ್ಲ. ಇನ್ನೊಂದು ಸಲ ಬಂದಾಗ ಬೇಕೆಂದೇ ಊದಿದೆ. ಮತ್ತೆ ಇಳಿಯಿತು. ಆಮೇಲೆ ತಿಳಿಯಿತು, ಆ ಹೊತ್ತಿನಲ್ಲಿ ನಾನು ಮಾಡುತ್ತಿದ್ದ ತಪ್ಪು ಗಾಳಿಯನ್ನು ಎಳೆದುಕೊಳ್ಳುವುದು. ಇರುವುದನ್ನು ಬಿಡದೆ ಇನ್ನೂ ಬೇಕು ಇನ್ನೂ ಬೇಕು ಎಂದು ಎಳೆಯುತ್ತಿದ್ದೆ. ತುಂಬಿದ ಕೊಡಕ್ಕೆ ಎಷ್ಟು ನೀರು ಸುರಿದರೇನು? ಮೊದಲು ಖಾಲಿ ಮಾಡಬೇಕು. ಊದುಕೊಳವೆಯ ಇನ್ನೊಂದು ಅನುಕೂಲವೆಂದರೆ ಕಣ್ಣಲ್ಲಿ ನೀರು ಬಂದರೂ ಅದು ಹೊಗೆಯ ಲೆಕ್ಕಕ್ಕೆ ಹೋಗುತ್ತಿತ್ತು.

ಒಲೆ ಇಲ್ಲದ ಕಡೆ ಬಂದರೆ ಬಚ್ಚಲ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಮೊಣಕೈವರೆಗೆ ತಣ್ಣೀರು ಸುರಿದುಕೊಳ್ಳುತ್ತಿದ್ದೆ. ಕಾಲಿಗೆ ಕಲ್ಲು ತಾಗಿದರೆ ಕಲ್ಲು ನಿಜ, ನಾನೂ ನಿಜ ಅನ್ನಿಸುತ್ತಿತ್ತು. ಕೊನೆಕೊನೆಗೆ ಅದರ ಜೊತೆ ಮಾತಾಡುವುದನ್ನೂ ಕಲಿತೆ, ಮನಸ್ಸಿನಲ್ಲೇ. "ಬಂದ್ಯಾ? ಬಾ, ಕೂತ್ಕೊ. ನನ್ನ ಸಾಯ್ಸಾಕೆ ನಿನ್ ಕೈಲಾಗಾಕಿಲ್ಲ, ಓದ್ ಸಲವೂ ಆಗ್ನಿಲ್ಲ." ಬೇಡದ ನೆಂಟನನ್ನು ಬಾಗಿಲಲ್ಲಿ ತಡೆದು ಜಗಳ ಮಾಡಿದರೆ ಊರೆಲ್ಲ ಕೂಡುತ್ತದೆ. ಒಳಗೆ ಕೂರಿಸಿದರೆ ಬೇಜಾರಾಗಿ ತಾನೇ ಎದ್ದು ಹೋಗುತ್ತಾನೆ. ಈಗಿನ ಡಾಕ್ಟರೊಬ್ಬರು, ನನ್ನ ಮೊಮ್ಮಗನ ವಯಸ್ಸಿನವರು, ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎಂದರು. ಎಳೆದುಕೊಂಡದ್ದಕ್ಕಿಂತ ಉದ್ದಕ್ಕೆ ಉಸಿರು ಬಿಡಿ ಅಜ್ಜಿ ಎಂದು ಕೈ ಆಡಿಸಿ ತೋರಿಸಿದರು. ನಾನು ಹೂಂ ಎಂದು ಕೇಳಿಸಿಕೊಂಡೆ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ಹೊಟ್ಟೆ ಉರಿಯಿತು.

ಉಪಾಯ ಸಿಕ್ಕಿತು, ಕೂಸು ಸಿಗಲಿಲ್ಲ. ಬಹಳ ದಿನ ಯಾರ ಕಣ್ಣಿಗೂ ಬೀಳದ ಹಾಗೆ ನುಂಗಿಕೊಂಡೆ. "ಈಗ ಬತ್ತಾ ಇಲ್ಲ ಅತ್ತೆಮ್ಮ, ಓಗ್ಬುಟ್ಟದೆ ಅದು" ಎಂದೆ. "ಗಾಳಿ ತಾನಾಗಿ ಓಗಾಕಿಲ್ಲ ಕಣವ್ವ. ಬುಡಿಸ್ಬೇಕು. ಯಾರು ಅಂತ ಬಾಯ್ಬುಡ್ಬೇಕು, ಬುಟ್ಟೋಯ್ತೀನಿ ಅಂತ ಮಾತು ಕೊಡ್ಬೇಕು" ಎಂದರು. ಅಂದರೆ ನಾನು ವಾಸಿಯಾಗುವುದಕ್ಕೂ ಗಾಳಿಯ ಬಾಯಿಂದಲೇ ಸಾಕ್ಷಿ ಬೇಕಿತ್ತು.

ಹೊಗೆಸೊಪ್ಪು ಮುರಿಯುವ ಕಾಲ. ಮುರಿದು ತಂದ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟುವ ಕೆಲಸ ಹೆಂಗಸರದು. ಚಪ್ಪರದ ಕೆಳಗೆ ಅಕ್ಕ ಒಂದು ಕೊನೆಗೆ, ನಾನು ಇನ್ನೊಂದು ಕೊನೆಗೆ. ನಡುವೆ ಸೀರೆ ಕಟ್ಟಿದ ತೊಟ್ಟಿಲಲ್ಲಿ ಮಗು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆದರೆ ಚಾಚುವಂತಿಲ್ಲ. ಸೊಪ್ಪಿನ ಅಂಟು ಕೈಗೆ ಕಪ್ಪಗೆ ಮೆತ್ತಿಕೊಳ್ಳುತ್ತಿತ್ತು. ಅಕ್ಕ ಕೆಟ್ಟವಳಲ್ಲ. ಅತ್ತೆ ಅತ್ತ ಹೋದರೆ ತೊಟ್ಟಿಲನ್ನು ನನ್ನ ಕಡೆಗೆ ತೂಗಿ ಬಿಡುತ್ತಿದ್ದಳು, ಮಗುವಿನ ಮುಖ ನನ್ನ ಹತ್ತಿರಕ್ಕೆ ಬಂದು ಹೋಗಲಿ ಎಂದು. ಕೊಡು ಅಂದರೆ ಮಾತ್ರ ಕೇಳಿಸಲಿಲ್ಲವೇನೋ ಎಂಬಂತೆ ದಾರ ಬಿಗಿಯುತ್ತಿದ್ದಳು. ನಾನು ಅವಳ ಜಾಗದಲ್ಲಿದ್ದರೆ ನನಗೂ ಕೇಳಿಸುತ್ತಿರಲಿಲ್ಲ.

ಅಲ್ಲೇ ಒಂದು ದಿನ ಅತ್ತೆಯ ಬಯ್ಗುಳ ಕೇಳಿ ನನ್ನ ಮುಖ ಬಾಡಿದ್ದನ್ನು ಕಂಡು ಅಕ್ಕ ನಗಿಸಲು ನೋಡಿದಳು. "ನಮ್ಮತ್ತೆಮ್ಮಂಗೂ ಒಬ್ಬಳು ಅತ್ತೆ ಇದ್ಲು ಕಣೆ. ನೀ ಬರೋ ಮುಂಚೆನೇ ಓಗ್ಬುಟ್ಲು. ಆ ಮುದುಕಿ ಇವರ್ನ ಎಸರು ಇಡ್ದು ಕೂಗಿದ್ದೇ ಇಲ್ಲ. 'ಏ ಕುಳ್ಳಿ' ಅಂತಿದ್ಲು. ಅಂಗಂದ್ರೆ ಸಾಕು, ನಮ್ಮತ್ತೆಮ್ಮ ತೆಂಗಿನ ಗರಿ ಅಂಗೆ ನಡುಗ್ತಿದ್ರು! ಯಾರ್ಗೂ ಯೋಳ್ಬ್ಯಾಡ. ಮುದುಕಿ ಸತ್ ಮ್ಯಾಲೆ ಈ ಮನೇಲಿ ಆ ಮಾತ ಯಾರೂ ಆಡಂಗಿಲ್ಲ." ಅತ್ತೆ ನಿಜವಾಗಿಯೂ ಕುಳ್ಳು. ನಾವಿಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಆ ಮನೆಯಲ್ಲಿ ನಾನು ನಕ್ಕದ್ದು ಅಕ್ಕನ ಜೊತೆಯಲ್ಲೇ.

ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಹನಗೋಡಿನ ಕಡೆಯಿಂದ ಗಾಳಿ ಬಿಡಿಸುವವನೊಬ್ಬನನ್ನು ಕರೆಸಿದರು. ಉಳಿದ ದಿನ ಸೈಕಲ್ ರಿಪೇರಿ, ಶುಕ್ರವಾರ ಗಾಳಿ. ಮಟಮಟ ಮಧ್ಯಾಹ್ನ ಹಜಾರದಲ್ಲಿ ರಂಗೋಲಿ ಹಾಕಿ, ನಿಂಬೆಹಣ್ಣು ಕುಯ್ದು ಕುಂಕುಮ ಸವರಿ, ನನ್ನ ತಲೆಗೂದಲು ಬಿಚ್ಚಿ ಕೂರಿಸಿದ. ಬಾಗಿಲಲ್ಲಿ ಊರ ಜನ. ಕಂಬದ ಪಕ್ಕ ಅಕ್ಕ, ಅವಳ ಸೊಂಟದ ಮೇಲೆ ನನ್ನ ಮಗಳು.

ಮೆಣಸಿನಕಾಯಿ ಹೊಗೆ ಹಾಕಿದರು. ಈಗ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಎಷ್ಟೋ ಸಲ ಬೇಡವೆಂದರೂ ಬಂದದ್ದು ಅವತ್ತು ಬೇಕೆಂದರೂ ಬರಲಿಲ್ಲ. ಎದೆ ಸಮಾಧಾನವಾಗಿತ್ತು, ಬರೀ ಕೆಮ್ಮು. ಅವನು ಬೇವಿನ ಬರಲಿನಿಂದ ಬೆನ್ನಿಗೆ ಬಾರಿಸಿ ಕೇಳಿದ.

"ಯಾರು ನೀನು? ಬಾಯ್ಬುಡು!"

ಇನ್ನೊಂದು ಏಟು.

"ಎಲ್ಲಿಂದ ಬಂದೆ?"

ಸುಮ್ಮನಿದ್ದೆ.

"ಯೋಳು! ನಿಂಗೇನು ಬೇಕು?"

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ನಿನಗೇನು ಬೇಕು! ಮದುವೆಯಾಗಿ ಆ ಮನೆಗೆ ಕಾಲಿಟ್ಟ ಮೇಲೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ಡಾಕ್ಟರು ಕೇಳಿರಲಿಲ್ಲ, ನನ್ನ ಹೆತ್ತವ್ವ ಕೂಡ ಕೇಳಿರಲಿಲ್ಲ. ಕೇಳಿದವನು ಈ ಸೈಕಲ್ ಅಂಗಡಿಯವನೊಬ್ಬನೇ. ಅವನೂ ಕೇಳಿದ್ದು ನನ್ನನ್ನಲ್ಲ. ಈ ಮನೆಯಲ್ಲಿ ಬಯಕೆ ಇರಬಹುದಾದದ್ದು ದೆವ್ವಕ್ಕೆ ಮಾತ್ರ ಎಂದಾದರೆ ಆಗಲಿ, ದೆವ್ವವೇ ಕೇಳಲಿ ಎಂದುಕೊಂಡೆ.

ತಲೆ ಎತ್ತಿ ಅತ್ತೆಯ ಕಡೆ ನೋಡಿದೆ. "ಏ ಕುಳ್ಳಿ" ಎಂದೆ.

ಅತ್ತೆಯ ಕೈಯಲ್ಲಿದ್ದ ಎಲೆ ಅಡಿಕೆ ನೆಲಕ್ಕೆ ಬಿತ್ತು.

"ಏ ಕುಳ್ಳಿ, ನಾ ಕಣೆ! ನನ್ನ ವಂಶದ ಕೂಸ್ಗೆ ತಾಯಿ ಮಡ್ಲು ತಪ್ಸಿದ್ದೀಯಲ್ಲ, ನಿಂಗೆ ಯಾರ್ ಕೊಟ್ರು ಯಜಮಾನ್ಕೆಯ? ಕೂಸ ಅವ್ರವ್ವನ ಮಡ್ಲಿಗಾಕು. ಆಕುದ್ರೆ ಓಯ್ತೀನಿ. ಇಲ್ದಿದ್ರೆ ಈ ಮನೆ ಬುಟ್ಟು ಕದಲಾಕಿಲ್ಲ."

"ಅತ್ತೆಮ್ಮಾ! ತಪ್ಪಾಯ್ತು ಅತ್ತೆಮ್ಮಾ!" ಎಂದು ಅತ್ತೆ ದಡಕ್ಕನೆ ನನ್ನ ಕಾಲಿಗೆ ಬಿದ್ದರು. ಸೊಸೆಯಾಗಿ ಎಷ್ಟೋ ಸಲ ಅವರ ಕಾಲಿಗೆ ಬಿದ್ದಿದ್ದೆ. ಆ ಒಂದು ಗಳಿಗೆಯ ಸುಖವನ್ನು ನಾನು ಸುಳ್ಳು ಹೇಳಿ ಮುಚ್ಚಿಡುವುದಿಲ್ಲ. ಆಗ ಮನೆಯ ಬೀಗದ ಕೈ ಕೇಳಿದ್ದರೂ ಕೊಡುತ್ತಿದ್ದರು. ನನಗೆ ಬೇಕಾದ್ದು ಅದಲ್ಲ.

ಎಲ್ಲರೂ ಕಂಬದ ಕಡೆ ತಿರುಗಿದರು. ಅಕ್ಕ ಅಲ್ಲಾಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಕುಳ್ಳಿ ಎಂಬ ಮಾತನ್ನು ನನಗೆ ಕೊಟ್ಟವಳು ಅವಳೇ. ಅದು ಚಪ್ಪರದ ಕೆಳಗಿನಿಂದ ಬಂದದ್ದು, ಮಸಣದಿಂದ ಬಂದದ್ದಲ್ಲ ಎಂದು ಆ ಹಜಾರದಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಮಗು ಅವಳಲ್ಲೇ ಉಳಿಯುತ್ತಿತ್ತು, ನಾನು ಅಂದೇ ತವರಿನ ದಾರಿ ಹಿಡಿಯಬೇಕಾಗುತ್ತಿತ್ತು. ಅಕ್ಕ ನಿಧಾನವಾಗಿ ನಡೆದು ಬಂದು ಬಗ್ಗಿ ಮಗುವನ್ನು ನನ್ನ ಮಡಿಲಲ್ಲಿ ಕೂರಿಸಿದಳು. ಮಗು ಚಿಟ್ಟನೆ ಚೀರಿ ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಅಕ್ಕ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಂದಕ್ಕೆ ಸರಿದಳು.

ಸಾಯಂಕಾಲ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತ ಅಕ್ಕ ನನ್ನ ಮುಖ ನೋಡದೆ ಹೇಳಿದ್ದು ಇಷ್ಟೇ. "ನಿನ್ ಗಾಳಿ ನಂಗೊಂದು ಕೂಸು ಕೊಟ್ಟಿತ್ತು ಕಣೆ. ಅದೇ ಇಸ್ಕೊಂಡ್ತು. ಬುಡು."

ಕೃತಜ್ಞತೆಯೂ ಒಂದು ಶಿಕ್ಷೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಮಗು ಸಿಕ್ಕಿತು, ಆದರೆ ಅಕ್ಕನ ಕಣ್ಣನ್ನು ನೇರವಾಗಿ ನೋಡುವ ಶಕ್ತಿ ಹೋಯಿತು. ಮಗು ಬಹಳ ದಿನ ಅವಳ ಕೋಣೆಯ ಬಾಗಿಲು ಬಡಿದು ಅಳುತ್ತಿತ್ತು. ಅವಳನ್ನೇ ಅವ್ವ ಎನ್ನುತ್ತಿತ್ತು. ನಾನು ತಿದ್ದಿದೆ, ಅಕ್ಕನೂ ತಿದ್ದಿದಳು. ಕೊನೆಗೆ ಅವಳು ದೊಡ್ಡವ್ವ ಆದಳು, ನಾನು ಅವ್ವ ಆದೆ. ಹೆಸರು ಬದಲಾಯಿತು ಅಷ್ಟೆ. ನನಗೆ ಮತ್ತೆ ಮಕ್ಕಳಾಗಲಿಲ್ಲ. ನನ್ನ ಕಾಯಿಲೆ ಹೋಗಲೂ ಇಲ್ಲ. ಬಂದಾಗಲೆಲ್ಲ ಒಲೆಯ ಮುಂದೆ ಕೂತು ಊದುತ್ತಿದ್ದೆ. ಒಂದು ಸಲ ಮಗಳ ತಲೆ ಬಾಚುವಾಗ ಬಂತು. ಕೈ ನಡುಗಿತು. "ಯಾಕವ್ವ?" ಎಂದಳು. "ಚಳಿ ಕಣವ್ವ" ಎಂದು ಎದ್ದು ಹೋದೆ. ಗಾಳಿ ಬಿಟ್ಟವಳು ಎಂಬ ಹೆಸರು ಉಳಿಸಿಕೊಳ್ಳಲು ಅವಳ ಹತ್ತಿರ ಹೋಗಬೇಕಾದಾಗೆಲ್ಲ ದೂರ ಹೋದೆ. ದೂರ ಹೋದದ್ದು ಅವಳಿಗೆ ಕಾಣಿಸುತ್ತಿತ್ತು, ಯಾಕೆ ಎಂಬುದು ಕಾಣಿಸುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಅಣ್ಣತಮ್ಮಂದಿರು ಬೇರೆಯಾದರು. ಜಗಳವಿಲ್ಲದೆ ಪಾಲಾಯಿತು. ಭಾವ ಎಚ್.ಡಿ. ಕೋಟೆಯ ಕಡೆ ಜಮೀನು ಮಾಡಿಕೊಂಡು ಹೊರಟರು. ಮಗಳು ಆಗ ದಾವಣಿ ಹಾಕುವ ವಯಸ್ಸಿಗೆ ಬಂದಿದ್ದಳು. ಹೊರಡುವ ದಿನ ತಾನೂ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದು ನಿಂತಳು. ದೊಡ್ಡವ್ವನ ಜೊತೆ ಹೋಗುತ್ತೇನೆ, ಅಲ್ಲೇ ಇರುತ್ತೇನೆ, ಅಲ್ಲೇ ಇಸ್ಕೂಲಿಗೆ ಹೋಗುತ್ತೇನೆ ಎಂದಳು.

"ಓಗಂಗಿಲ್ಲ" ಎಂದೆ. "ನೀ ನನ್ ಮಗ್ಳು ಕಣೆ. ನಿನ್ನ ಬುಟ್ಟು ನಾ ಎಂಗಿರ್ಲಿ?"

ಅವಳು ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು. "ನೀ ಯಾವತ್ತು ನನ್ನ ಬೇಕು ಅಂದಿದ್ದೆ?" ಎಂದಳು. "ಅವ್ವನ ಮಡ್ಲಿಗಾಕು ಅಂತ ಕೇಳಿದ್ದು ಮುತ್ತಜ್ಜಿ ದೆವ್ವವಂತೆ. ಅದು ಕೇಳ್ದಿದ್ರೆ ನಾನು ದೊಡ್ಡವ್ವನ ತಾವೇ ಇರ್ತಿದ್ದೆ. ನೀ ಒಂದಿನಾನೂ ಕೇಳ್ನಿಲ್ವಂತೆ. ಅಜ್ಜೀನೇ ಯೋಳ್ತು."

ಜಗಲಿಯ ಮೇಲೆ ಕೂತಿದ್ದ ಅತ್ತೆ ಹೌದೆಂದು ತಲೆಯಾಡಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಾನು ಕೇಳಿದ್ದೆಲ್ಲ ಅವರಿಗೆ ನಾನು ಕೇಳಿದ ಹಾಗೆ ಕೇಳಿಸಿಯೇ ಇರಲಿಲ್ಲ.

ಬಾಯಿ ತೆರೆದೆ. ಅದು ದೆವ್ವವಲ್ಲ ಕಣವ್ವ, ನಾನು, ನಾನೇ ಕೇಳಿದ್ದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಗಾಡಿಯ ಹತ್ತಿರ ಅಕ್ಕ ಗಂಟು ಹಿಡಿದು ನಿಂತಿದ್ದಳು. ನಾನು ಅದನ್ನು ಹೇಳಿದರೆ ಅತ್ತೆ ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು. ಕುಳ್ಳಿ ಎಂಬ ಆ ಮಾತನ್ನು ನಿನಗೆ ಹೇಳಿಕೊಟ್ಟವರು ಯಾರು? ಅದು ಅಕ್ಕನಿಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಲಿಲ್ಲ, ಬೇಡ ಎಂದು ಸನ್ನೆಯನ್ನೂ ಮಾಡಲಿಲ್ಲ. ಹಜಾರದಲ್ಲಿ ಅವತ್ತು ನಿಂತ ಹಾಗೇ ಸುಮ್ಮನೆ ನಿಂತಿದ್ದಳು.

"ಊಂ ಕಣವ್ವ" ಎಂದೆ ಮಗಳಿಗೆ. "ನಾನು ಕೇಳ್ನಿಲ್ಲ."

ಅವಳು ಚೀಲ ತೆಗೆದುಕೊಂಡು ಗಾಡಿ ಹತ್ತಿದಳು.